ಕಾಯ್ದರೂ ಅಗ್ಗವಾಗದ ಗೇಮ್ ಕನ್ಸೋಲ್

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಮಾರುವವರು ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಕೇಳಿಕೊಂಡು ಬಂದ ಹುಡುಗರಿಗೆ ಮೊದಲಿನಿಂದಲೂ ಹೇಳುತ್ತ ಬಂದ ಮಾತೊಂದಿದೆ: "ಹೊಸಾದು ಬಂದಕೂಡ್ಲೆ ತಗೋಬ್ಯಾಡ ತಮ್ಮಾ, ಒಂದೆರಡು ವರ್ಷ ತಡಿ, ರೇಟ್ ತಾನ ಇಳಿತೈತಿ." ಈ ಮಾತಿಗೆ ಆಧಾರವಿತ್ತು. ಅಮೆರಿಕದಲ್ಲಿ 2000ರಲ್ಲಿ 299 ಡಾಲರ್‌ಗೆ ಬಂದ ಸೋನಿಯ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರ್‌ಗೆ ಇಳಿದಿತ್ತು. 2013ರಲ್ಲಿ 399 ಡಾಲರ್ ಇದ್ದ ಪ್ಲೇಸ್ಟೇಷನ್ 4 ಮೂರೇ ವರ್ಷಗಳಲ್ಲಿ ಸ್ಲಿಮ್ ರೂಪ ತಾಳಿ 299 ಡಾಲರ್‌ಗೆ ಸಿಕ್ಕಿತು. ಈಗಿನ ಪೀಳಿಗೆ ಮಾತ್ರ ಎದುರು ದಿಕ್ಕಿಗೆ ನಡೆದಿದೆ. 2020ರ ನವೆಂಬರ್‌ನಲ್ಲಿ 499 ಡಾಲರ್ ಇದ್ದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಬೆಲೆ 2025ರ ಮೇ ತಿಂಗಳಲ್ಲಿ 599.99ಕ್ಕೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ 649.99ಕ್ಕೆ ಏರಿತು. ಪ್ಲೇಸ್ಟೇಷನ್ 5 ಕೂಡ 2025ರ ಆಗಸ್ಟ್‌ನಲ್ಲಿ ಅಲ್ಲಿ 50 ಡಾಲರ್ ತುಟ್ಟಿಯಾಯಿತು. ಅಮೆರಿಕದ ಈ ಏರಿಕೆಯಲ್ಲಿ ಅಲ್ಲಿನ ಆಮದು ಸುಂಕದ ಪಾಲಿದೆ ಎನ್ನುವುದು ನಿಜ. ಆದರೆ 2021ರ ಫೆಬ್ರುವರಿ 2ರಂದು 49,990 ರೂಪಾಯಿಗೆ ಭಾರತಕ್ಕೆ ಕಾಲಿಟ್ಟ ಡಿಸ್ಕ್ ಇರುವ ಪ್ಲೇಸ್ಟೇಷನ್ 5, ಮೂರು ವರ್ಷಗಳ ನಂತರ ಇನ್ನಷ್ಟು ತೆಳ್ಳಗಾಗಿ ಬಂದಾಗ ಅದರ ಮೇಲಿನ ಬೆಲೆ 54,990 ಆಗಿತ್ತು. ಹಬ್ಬದ ರಿಯಾಯಿತಿಯಲ್ಲಿ ಆಗೀಗ ಇಳಿದದ್ದನ್ನು ಬಿಟ್ಟರೆ, ಕಾಯ್ದು ಕುಳಿತವರಿಗೆ ಲಾಭವೇನೂ ಆಗಲಿಲ್ಲ.

ಮುಂದಿನ ಪೀಳಿಗೆಯ ಕನ್ಸೋಲ್‌ಗಳನ್ನು ತೂಗಿ ನೋಡುವಾಗ ಮೊದಲು ಅರಿಯಬೇಕಾದದ್ದು ಈ ತಿರುವನ್ನೇ. ಯಾವುದು ಎಷ್ಟು ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂಬ ಅಳತೆ) ಎಂಬ ಪಟ್ಟಿಗಳು ಬೇಕಾದಷ್ಟಿವೆ. ಆದರೆ ಈ ಸಲ ಯಂತ್ರದ ಒಳಗೆ ಏನು ಇರಬೇಕು, ಏನು ಇರಬಾರದು ಎಂಬುದನ್ನು ಎಂಜಿನಿಯರ್‌ನ ಆಸೆಗಿಂತ ಹೆಚ್ಚಾಗಿ ಮೆಮೊರಿ ಚಿಪ್ಪಿನ ಬೆಲೆ ತೀರ್ಮಾನಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಕಣದಲ್ಲಿ ಇರುವವರು ಯಾರು ಎಂಬುದನ್ನು ಬೇಗ ಹೇಳಿ ಮುಗಿಸಬಹುದು. ನಿಂಟೆಂಡೊ ಸ್ವಿಚ್ 2 ಈಗಾಗಲೇ, 2025ರ ಜೂನ್ 5ರಂದು, 449.99 ಡಾಲರ್ ಬೆಲೆಗೆ ಬಂದಿದೆ. ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿ ನಡೆಸುವ ವಾಲ್ವ್ ಕಂಪನಿ 2025ರ ನವೆಂಬರ್ 12ರಂದು ಸ್ಟೀಮ್ ಮಷೀನ್ ಎಂಬ ಆರು ಇಂಚಿನ ಆಸುಪಾಸಿನ ಘನಾಕಾರದ ಪೆಟ್ಟಿಗೆಯನ್ನು ತೋರಿಸಿತು. ಮೈಕ್ರೋಸಾಫ್ಟ್ ತನ್ನ ಮುಂದಿನ ಎಕ್ಸ್‌ಬಾಕ್ಸ್‌ಗಾಗಿ ಚಿಪ್ಪು ವಿನ್ಯಾಸ ಮಾಡುವ ಎಎಂಡಿ ಜೊತೆ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿರುವುದಾಗಿ 2025ರ ಜೂನ್‌ನಲ್ಲಿ ಘೋಷಿಸಿತು. ಸೋನಿ ತನ್ನ ಮುಂದಿನ ಯಂತ್ರಕ್ಕೆ ಇನ್ನೂ ಹೆಸರಿಟ್ಟು ಹೇಳಿಲ್ಲವಾದರೂ, 2025ರ ಅಕ್ಟೋಬರ್‌ನಲ್ಲಿ ಅದರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ ಮತ್ತು ಎಎಂಡಿಯ ಜ್ಯಾಕ್ ಹ್ಯೂನ್ ಒಟ್ಟಿಗೆ ಕುಳಿತು, ಕೆಲವು ವರ್ಷಗಳಲ್ಲಿ ಬರಲಿರುವ ಕನ್ಸೋಲ್‌ಗಾಗಿ ಸಿದ್ಧವಾಗುತ್ತಿರುವ ತಂತ್ರಗಳನ್ನು ವಿವರಿಸಿದರು. ಅವು ಆ ಹೊತ್ತಿಗೆ ಕಂಪ್ಯೂಟರಿನ ಸಿಮ್ಯುಲೇಷನ್‌ನಲ್ಲಷ್ಟೇ ಇವೆ ಎಂದು ಸರ್ನಿ ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗಾಗಿ ಆ ಎರಡು ಯಂತ್ರಗಳ ಬಗ್ಗೆ ಅಂತರ್ಜಾಲದಲ್ಲಿ ಓಡಾಡುವ ಪ್ರೊಸೆಸರ್ ಕೋರುಗಳ ಸಂಖ್ಯೆ, ಅವುಗಳ ಕ್ಲಾಕ್ ವೇಗ ಇತ್ಯಾದಿಗಳನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಈಗ ಮೆಮೊರಿಯ ವಿಷಯ. ಪ್ಲೇಸ್ಟೇಷನ್ 2ರಲ್ಲಿ ಮುಖ್ಯ ಮೆಮೊರಿ (ಆಡುವಾಗ ಬೇಕಾದದ್ದನ್ನು ಇಟ್ಟುಕೊಳ್ಳುವ ರ್ಯಾಮ್) 32 ಎಂಬಿ ಇತ್ತು. ಪ್ಲೇಸ್ಟೇಷನ್ 3ರಲ್ಲಿ ಎರಡು ಭಾಗ ಸೇರಿ 512 ಎಂಬಿ, ಅಂದರೆ ಹದಿನಾರು ಪಟ್ಟು. ಪ್ಲೇಸ್ಟೇಷನ್ 4ರಲ್ಲಿ 8 ಜಿಬಿ, ಮತ್ತೆ ಹದಿನಾರು ಪಟ್ಟು. ಪ್ಲೇಸ್ಟೇಷನ್ 5ಕ್ಕೆ ಬರುವ ಹೊತ್ತಿಗೆ ಅದು 16 ಜಿಬಿ, ಅಂದರೆ ಬರೀ ಎರಡು ಪಟ್ಟು. ಪ್ರೊಸೆಸರ್ ಎಷ್ಟೇ ಚುರುಕಾದರೂ ಮೆಮೊರಿಯ ಬೆಲೆ ಹಿಂದಿನ ಗತಿಯಲ್ಲಿ ಇಳಿಯುವುದನ್ನು ಆಗಲೇ ನಿಲ್ಲಿಸಿತ್ತು. ಸೋನಿ ಆ ಕೊರತೆಯನ್ನು ತುಂಬಿಕೊಂಡದ್ದು ಸೆಕೆಂಡಿಗೆ 5.5 ಜಿಬಿ ಓದಬಲ್ಲ, ಆಟಗಳನ್ನು ಉಳಿಸಿಡುವ ಚಿಪ್ಪಿನ ಡ್ರೈವ್ ಆದ ಎಸ್‌ಎಸ್‌ಡಿಯಿಂದ. ಆಟಗಾರ ಮುಂದಿನ ತಿರುವಿಗೆ ಬರುವಷ್ಟರಲ್ಲಿ ಅಲ್ಲಿನ ಗೋಡೆ, ಗಿಡ, ಮನುಷ್ಯರ ಚಿತ್ರಗಳನ್ನು ಎಸ್‌ಎಸ್‌ಡಿಯಿಂದ ಎತ್ತಿ ತರಬಹುದಾದರೆ, ಅವನ್ನೆಲ್ಲ ಮೊದಲೇ ಮೆಮೊರಿಯಲ್ಲಿ ತುಂಬಿಡುವ ಅಗತ್ಯವಿಲ್ಲ ಎಂಬುದು ಆ ವಿನ್ಯಾಸದ ಹಿಂದಿನ ಯೋಚನೆ.

2025ರ ಕೊನೆಗೆ ಈ ಇಕ್ಕಟ್ಟು ಇನ್ನಷ್ಟು ಬಿಗಿಯಾಯಿತು. ಈ ಮೆಮೊರಿಗೆ ಬಳಸುವ ಡಿರ್ಯಾಮ್ ಎಂಬ ಚಿಪ್ಪುಗಳಲ್ಲಿ ಜಗತ್ತಿನ ಬಹುಪಾಲು ತಯಾರಾಗುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಲ್ಲಿ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಗೆ ಲಾಭ ಹೆಚ್ಚು. ಜೊತೆಗೆ ಅಷ್ಟೇ ಸಾಮರ್ಥ್ಯದ ಸಾಮಾನ್ಯ ಡಿಡಿಆರ್5 ಮೆಮೊರಿಗೆ ಹೋಲಿಸಿದರೆ ಅದು ಸುಮಾರು ಮೂರು ಪಟ್ಟು ಸಿಲಿಕಾನ್ ತಟ್ಟೆಯನ್ನು (ಚಿಪ್ಪುಗಳನ್ನು ಕತ್ತರಿಸಿ ತೆಗೆಯುವ ವೇಫರ್) ನುಂಗುತ್ತದೆ. ಕಾರ್ಖಾನೆಗಳು ಅತ್ತ ವಾಲಿದಷ್ಟೂ ಇತ್ತ ಕಂಪ್ಯೂಟರಿಗೆ, ಮೊಬೈಲಿಗೆ, ಕನ್ಸೋಲಿಗೆ ಉಳಿಯುವುದು ಕಡಿಮೆ. ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. 2026ರ ಆರಂಭದಲ್ಲೇ ಸ್ಟೀಮ್ ಮಷೀನ್ ಮಾರುವುದಾಗಿ ಹೇಳಿದ್ದ ವಾಲ್ವ್, ಫೆಬ್ರುವರಿಯಲ್ಲಿ ಮೆಮೊರಿ ಮತ್ತು ಸ್ಟೋರೇಜ್ ಕೊರತೆಯ ಕಾರಣ ಕೊಟ್ಟು, ಬೆಲೆ ಮತ್ತು ದಿನಾಂಕ ಎರಡನ್ನೂ ಮತ್ತೊಮ್ಮೆ ಕೂಡಿ ಕಳೆಯಬೇಕಾಗಿದೆ ಎಂದಿತು.

ಪ್ರೊಸೆಸರ್ ಚಿಪ್ಪಿನ ಕಡೆಯಿಂದಲೂ ಮೊದಲಿನ ನೆರವು ಸಿಗುತ್ತಿಲ್ಲ. ಹಿಂದೆ ಹೊಸ ತಲೆಮಾರಿನ ಕಾರ್ಖಾನೆಗೆ ಸಾಗಿದಾಗಲೆಲ್ಲ ಅದೇ ಚಿಪ್ಪು ಚಿಕ್ಕದಾಗುತ್ತಿತ್ತು, ಒಂದು ತಟ್ಟೆಯಲ್ಲಿ ಹೆಚ್ಚು ಚಿಪ್ಪು ಕೂರುತ್ತಿದ್ದವು, ದರ ಇಳಿಯುತ್ತಿತ್ತು. ಅಂಗಡಿಯವರ ಸಲಹೆಯ ಬೇರು ಇದ್ದದ್ದು ಅಲ್ಲಿ. ಈಗ ಪ್ರೊಸೆಸರಿನ ಒಳಗಿರುವ ಕ್ಯಾಶ್ ಮೆಮೊರಿಯ ಕೋಶ ಕುಗ್ಗುವುದೇ ಬಹುಮಟ್ಟಿಗೆ ನಿಂತಿದೆ. ಚಿಪ್ಪು ತಯಾರಿಸುವ ಟಿಎಸ್‌ಎಂಸಿ ಕಂಪನಿಯ 5 ನ್ಯಾನೋಮೀಟರ್ ವಿಧಾನದಲ್ಲಿ ಆ ಕೋಶ 0.021 ಚದರ ಮೈಕ್ರೋಮೀಟರ್ ಇತ್ತು, ಎನ್3ಇ ಎಂಬ 3 ನ್ಯಾನೋಮೀಟರ್ ವಿಧಾನದಲ್ಲೂ ಅಷ್ಟೇ ಇದೆ. ಹೊಸ ವಿಧಾನದ ತಟ್ಟೆ ಮಾತ್ರ ತುಟ್ಟಿ.

ಹೀಗೆ ಎರಡೂ ಕಡೆ ದಾರಿ ಕಟ್ಟಿದಾಗ ವಿನ್ಯಾಸಕಾರರು ಹಿಡಿದ ಹಾದಿಯೆಂದರೆ ಚಿತ್ರವನ್ನು ಪೂರ್ತಿ ಬರೆಯದೆ, ಕಡಿಮೆ ಬರೆದು ಉಳಿದದ್ದನ್ನು ಊಹಿಸುವುದು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ, 1080ಪಿ ಚಿತ್ರದಲ್ಲಿ ಅದರ ಕಾಲು ಭಾಗ. ಯಂತ್ರ ಕಾಲು ಭಾಗವನ್ನಷ್ಟೇ ಲೆಕ್ಕ ಹಾಕಿ, ತರಬೇತಾದ ನ್ಯೂರಲ್ ನೆಟ್‌ವರ್ಕ್ ಹಿಂದಿನ ಚೌಕಟ್ಟುಗಳನ್ನು (ಫ್ರೇಮ್) ನೋಡಿಕೊಂಡು ಉಳಿದ ಮುಕ್ಕಾಲನ್ನು ತುಂಬಿದರೆ, ಕೆಲಸವೂ ಹಗುರ, ಮೆಮೊರಿಯ ಮೇಲಿನ ಒತ್ತಡವೂ ಕಡಿಮೆ. ಎನ್ವಿಡಿಯಾ ಇದನ್ನು ಡಿಎಲ್‌ಎಸ್‌ಎಸ್ ಎನ್ನುತ್ತದೆ, ಸೋನಿ 2024ರ ನವೆಂಬರ್‌ನ ಪ್ಲೇಸ್ಟೇಷನ್ 5 ಪ್ರೊನಲ್ಲಿ ಪಿಎಸ್‌ಎಸ್‌ಆರ್ ಎಂದು ಕರೆಯಿತು. 2025ರ ಅಕ್ಟೋಬರ್‌ನಲ್ಲಿ ಸರ್ನಿ ಹೇಳಿದ ಮೂರು ತಂತ್ರಗಳೂ ಇದೇ ಹಾದಿಯವು. ನ್ಯೂರಲ್ ಅರೇ ಎಂಬುದು ಗ್ರಾಫಿಕ್ಸ್ ಚಿಪ್ಪಿನ ಬಿಡಿ ಘಟಕಗಳನ್ನು ಜೋಡಿಸಿ ಇಂತಹ ಊಹೆಯ ಕೆಲಸಕ್ಕೆ ಒಂದೇ ಘಟಕದಂತೆ ದುಡಿಸುತ್ತದೆ. ರೇಡಿಯನ್ಸ್ ಕೋರ್ ಬೆಳಕಿನ ಕಿರಣ ಎಲ್ಲಿ ತಾಗಿತು ಎಂಬ ಲೆಕ್ಕವನ್ನು ಪ್ರತ್ಯೇಕವಾಗಿ ವಹಿಸಿಕೊಂಡು ಉಳಿದ ಭಾಗಗಳಿಗೆ ಬಿಡುವು ಕೊಡುತ್ತದೆ. ಮೂರನೆಯದಾದ ಯುನಿವರ್ಸಲ್ ಕಂಪ್ರೆಷನ್ ಗ್ರಾಫಿಕ್ಸ್ ಚಿಪ್ಪಿಗೂ ಮೆಮೊರಿಗೂ ನಡುವೆ ಓಡಾಡುವ ಎಲ್ಲ ದತ್ತಾಂಶವನ್ನೂ, ಕುಗ್ಗಿಸಲು ಸಾಧ್ಯವಾದಲ್ಲೆಲ್ಲ, ಕುಗ್ಗಿಸಿಯೇ ಕಳಿಸುತ್ತದೆ. ಪ್ರಚಾರದಲ್ಲಿ ಮೊದಲೆರಡಕ್ಕೆ ಮೆರುಗು ಹೆಚ್ಚು. ನನಗೆ ಮುಖ್ಯವೆನಿಸಿದ್ದು ಮೂರನೆಯದು, ಏಕೆಂದರೆ ಮೆಮೊರಿಯ ವೇಗವನ್ನು ದುಡ್ಡು ಕೊಟ್ಟು ಕೊಳ್ಳಲು ಆಗದ ಕಾಲಕ್ಕೆ ತಯಾರಾದ ತಂತ್ರ ಅದು.

ಟೆರಾಫ್ಲಾಪ್ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದಕ್ಕೆ ಈಗಿನ ಪೀಳಿಗೆಯೇ ಪಾಠ. ಸೀರೀಸ್ ಎಕ್ಸ್‌ಗೆ 12.15 ಟೆರಾಫ್ಲಾಪ್, ಪ್ಲೇಸ್ಟೇಷನ್ 5ಕ್ಕೆ 10.28. ಕಾಗದದ ಮೇಲೆ ಸುಮಾರು ಶೇಕಡಾ 18ರಷ್ಟು ಅಂತರ. ಟಿವಿಯ ಮುಂದೆ ಕುಳಿತರೆ ಹೆಚ್ಚಿನ ಆಟಗಳಲ್ಲಿ ಎರಡೂ ಒಂದೇ. ಮೈಕ್ರೋಸಾಫ್ಟ್ 52 ಗ್ರಾಫಿಕ್ಸ್ ಘಟಕಗಳನ್ನು 1.825 ಗಿಗಾಹರ್ಟ್ಸ್‌ನಲ್ಲಿ ಓಡಿಸಿದರೆ ಸೋನಿ 36 ಘಟಕಗಳನ್ನೇ 2.23 ಗಿಗಾಹರ್ಟ್ಸ್‌ವರೆಗೆ ಓಡಿಸಿತು. ಅಲ್ಲದೆ ಸೀರೀಸ್ ಎಕ್ಸ್‌ನ 16 ಜಿಬಿಯಲ್ಲಿ 10 ಜಿಬಿ ಮಾತ್ರ ಸೆಕೆಂಡಿಗೆ 560 ಜಿಬಿ ವೇಗದ್ದು, ಉಳಿದ 6 ಜಿಬಿ 336ರದ್ದು. ಪ್ಲೇಸ್ಟೇಷನ್ 5ರಲ್ಲಿ ಪೂರ್ತಿ 16 ಜಿಬಿಗೂ 448ರ ಒಂದೇ ವೇಗ. ಆಟ ಬರೆಯುವವನಿಗೆ ಯಾವುದನ್ನು ಎಲ್ಲಿಡಲಿ ಎಂಬ ತಲೆಬಿಸಿ ಎರಡನೆಯದರಲ್ಲಿ ಇಲ್ಲ.

ಸ್ಟೀಮ್ ಮಷೀನ್ ಬಗ್ಗೆ ನನಗಿರುವ ಅನುಮಾನ ಇಲ್ಲಿಂದಲೇ ಹುಟ್ಟುತ್ತದೆ. ಅದರ ಪ್ರೊಸೆಸರ್ ಎಎಂಡಿಯ ಆರು ಕೋರುಗಳ ಝೆನ್ 4, ಗ್ರಾಫಿಕ್ಸ್ 28 ಘಟಕಗಳ ಆರ್‌ಡಿಎನ್‌ಎ 3. ಪ್ರೊಸೆಸರ್ ಪ್ಲೇಸ್ಟೇಷನ್ 5ರ ಝೆನ್ 2ಕ್ಕಿಂತ ಎರಡು ತಲೆಮಾರು ಹೊಸದು. ಆದರೆ ಕನ್ಸೋಲುಗಳಲ್ಲಿ ಮೆಮೊರಿ ಒಂದೇ ಹಗೇವು ಇದ್ದಂತೆ, ಪ್ರೊಸೆಸರೂ ಗ್ರಾಫಿಕ್ಸೂ ಬೇಕಾದಷ್ಟನ್ನು ಅದರಿಂದಲೇ ತೆಗೆದುಕೊಳ್ಳುತ್ತವೆ. ಸ್ಟೀಮ್ ಮಷೀನಿನಲ್ಲಿ ಪ್ರೊಸೆಸರಿಗೆ 16 ಜಿಬಿ ಡಿಡಿಆರ್5, ಗ್ರಾಫಿಕ್ಸ್‌ಗೆ ಬೇರೆಯಾಗಿ 8 ಜಿಬಿ ಜಿಡಿಡಿಆರ್6. ಒಟ್ಟು 24 ಎಂದು ಕೇಳಲು ದೊಡ್ಡದು, ಆದರೆ 4ಕೆ ಗುರಿಯಿಟ್ಟುಕೊಂಡ ಈಗಿನ ದೊಡ್ಡ ಆಟಗಳಿಗೆ ಆ 8 ಜಿಬಿ ಇಕ್ಕಟ್ಟೇ. ಒಂದು ಕಡೆ ಖಾಲಿ ಇದ್ದರೂ ಇನ್ನೊಂದು ಕಡೆಗೆ ಸುಲಭವಾಗಿ ಸಿಗುವುದಿಲ್ಲ. ಇನ್ನೊಂದು ಮಾತು: ಅದು ಓಡಿಸುವುದು ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಒಎಸ್. ವಿಂಡೋಸ್‌ನ ಆಳಕ್ಕೆ ಇಳಿದು ಮೋಸಗಾರರನ್ನು ಹಿಡಿಯುವ ವ್ಯಾಲೊರಂಟ್‌ನಂತಹ ಆಟಗಳು ಅದರಲ್ಲಿ ನಡೆಯುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡದ ಸಪ್ತಾಪುರದವರೆಗೆ ಹಾಸ್ಟೆಲ್ ಹುಡುಗರು ಲ್ಯಾಪ್‌ಟಾಪಿನಲ್ಲಿ ಆಡುವುದು ಇಂತಹ ಆಟಗಳನ್ನೇ ಆದ್ದರಿಂದ, ಅವರಿಗೆ ಇದು ಸಣ್ಣ ಕೊರತೆಯಲ್ಲ.

ಹಾಗೆಂದು ಸ್ಟೀಮ್ ಮಷೀನ್ ತಳ್ಳಿಹಾಕುವ ವಸ್ತುವೂ ಅಲ್ಲ. ಸ್ಟೀಮ್ ಅಂಗಡಿಯಲ್ಲಿ ಆಟಗಳ ಬೆಲೆ ರೂಪಾಯಿಯಲ್ಲೇ ಇದೆ, ರಿಯಾಯಿತಿ ಬಂದಾಗ ಧಾರಾಳವಾಗಿ ಬರುತ್ತದೆ, ಮತ್ತು ಹತ್ತು ವರ್ಷದ ಹಿಂದೆ ಕೊಂಡದ್ದೂ ಹೊಸ ಯಂತ್ರದಲ್ಲಿ ಸಿಗುತ್ತದೆ. ಮೈಕ್ರೋಸಾಫ್ಟ್ ಕೂಡ ಅದೇ ಕಡೆಗೆ ಹೊರಟಿದೆ. ಎಎಂಡಿ ಒಪ್ಪಂದ ಘೋಷಿಸುವಾಗಲೇ, ಮುಂದಿನ ಎಕ್ಸ್‌ಬಾಕ್ಸ್ ಅನುಭವ ಒಂದೇ ಅಂಗಡಿಗೆ, ಒಂದೇ ಸಾಧನಕ್ಕೆ ಕಟ್ಟುಬಿದ್ದದ್ದಲ್ಲ ಎಂದು ಅದು ಹೇಳಿತ್ತು. 2025ರ ಅಕ್ಟೋಬರ್ 16ರಂದು ಬಂದ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಒಳಗಿನಿಂದ ವಿಂಡೋಸ್ ಕಂಪ್ಯೂಟರೇ. ಅದರ ದೊಡ್ಡ ಮಾದರಿಗೆ 24 ಜಿಬಿ ಮೆಮೊರಿ, ಬಂದಾಗ ಅಮೆರಿಕದಲ್ಲಿ ಬೆಲೆ 999.99 ಡಾಲರ್. ಕನ್ಸೋಲಿನ ಹೆಸರು, ಕಂಪ್ಯೂಟರಿನ ಬೆಲೆ. ಹಿಂದೆ ಕಂಪನಿಗಳು ಯಂತ್ರವನ್ನು ನಷ್ಟಕ್ಕೆ ಮಾರಿ, ತಮ್ಮ ಅಂಗಡಿಯಲ್ಲಿ ಆಟ ಮಾರಿ ಆ ನಷ್ಟ ತುಂಬಿಕೊಳ್ಳುತ್ತಿದ್ದವು. ಆಟವನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು ಎಂದಾದ ಮೇಲೆ ಯಂತ್ರವನ್ನು ನಷ್ಟಕ್ಕೆ ಮಾರಲು ಕಾರಣವೇ ಉಳಿಯುವುದಿಲ್ಲ. ಮುಂದಿನ ಎಕ್ಸ್‌ಬಾಕ್ಸ್ ಅಗ್ಗವಾಗಿ ಬರುತ್ತದೆ ಎಂದು ನಾನು ನಿರೀಕ್ಷಿಸದಿರುವುದು ಇದಕ್ಕೇ.

ಸ್ವಿಚ್ 2 ಈ ಹೋಲಿಕೆಯಲ್ಲಿ ಬೇರೆ ಜಾತಿಯದು. 12 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್, 7.9 ಇಂಚಿನ 1080ಪಿ ಪರದೆ. ಬ್ಯಾಟರಿ ಆಟವನ್ನು ಅವಲಂಬಿಸಿ ಎರಡು ಗಂಟೆಯಿಂದ ಆರೂವರೆ ಗಂಟೆ ಬರುತ್ತದೆ. ಬಿಡಿ ಸಂಖ್ಯೆಯಲ್ಲಿ ಎಕ್ಸ್‌ಬಾಕ್ಸ್‌ನ ಕಡಿಮೆ ಬೆಲೆಯ ಮಾದರಿಯಾದ ಸೀರೀಸ್ ಎಸ್‌ಗಿಂತ ದುರ್ಬಲವಾದರೂ, 10 ಜಿಬಿಯ ಸೀರೀಸ್ ಎಸ್‌ಗಿಂತ ಮೆಮೊರಿ ಹೆಚ್ಚಿರುವುದರಿಂದ ಮತ್ತು ಡಿಎಲ್‌ಎಸ್‌ಎಸ್ ಬೆಂಬಲದಿಂದ ಅನೇಕ ದೊಡ್ಡ ಆಟಗಳನ್ನು ಅದು ಹೊರಬಲ್ಲದು. ಟಿವಿಗೆ ಕಟ್ಟುಬಿದ್ದ ಕನ್ಸೋಲುಗಳಂತಲ್ಲದೆ, ಕರೆಂಟ್ ಹೋದರೂ ಇದರಲ್ಲಿ ಆಟ ನಿಲ್ಲುವುದಿಲ್ಲ ಎನ್ನುವುದು ಹೆಸ್ಕಾಂ ಗ್ರಾಹಕರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಆದರೆ ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರಾಟ ಮಾಡುತ್ತಿಲ್ಲ. ಇಲ್ಲಿ ಸಿಗುವುದು ದುಬೈಯಿಂದಲೋ ಸಿಂಗಾಪುರದಿಂದಲೋ ಯಾರೋ ತರಿಸಿದ ಮಾಲು. ಕೆಟ್ಟರೆ ಅಂಗಡಿಯವನ ಬಾಯಿಮಾತೇ ವಾರಂಟಿ. ಸ್ಟೀಮ್ ಮಷೀನ್ ಸಹ, ವಾಲ್ವ್‌ನದೇ ಕೈಯಲ್ಲಿ ಹಿಡಿಯುವ ಯಂತ್ರವಾದ ಸ್ಟೀಮ್ ಡೆಕ್ ಮಾರುವ ದೇಶಗಳಿಗಷ್ಟೇ ಎಂದು ವಾಲ್ವ್ ಹೇಳಿದೆ, ಆ ಪಟ್ಟಿಯಲ್ಲಿ ಭಾರತ ಇಲ್ಲ.

ಅಧಿಕೃತವಾಗಿ ಬರುವ ಕಂಪನಿಯ ಯಂತ್ರವೂ ತಡವಾಗಬಹುದು ಎಂಬುದಕ್ಕೆ ಪ್ಲೇಸ್ಟೇಷನ್ 5 ಪ್ರೊ ಸಾಕ್ಷಿ. ಅದರಲ್ಲಿ ವೈಫೈ 7 ಇದೆ, ಅದಕ್ಕೆ 6 ಗಿಗಾಹರ್ಟ್ಸ್ ತರಂಗಪಟ್ಟಿ ಬೇಕು. ಭಾರತದಲ್ಲಿ ಆ ಪಟ್ಟಿಯನ್ನು ಪರವಾನಗಿ ಇಲ್ಲದೆ ಬಳಸಲು ಅನುಮತಿ ಇರಲಿಲ್ಲವಾದ್ದರಿಂದ 2024ರಲ್ಲಿ ಸೋನಿ ಇಲ್ಲಿ ಪ್ರೊ ಬಿಡುಗಡೆ ಮಾಡಲಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಆ ಪಟ್ಟಿಯ ಕೆಳಭಾಗವನ್ನು, ಅಂದರೆ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನದನ್ನು, ಮುಕ್ತಗೊಳಿಸುವ ಕರಡು ನಿಯಮ ಹೊರಡಿಸಿತು. 16.7 ಟೆರಾಫ್ಲಾಪ್ ಇರುವ ಯಂತ್ರವನ್ನು ಹೊರಗೆ ನಿಲ್ಲಿಸಿದ್ದು ವೈಫೈ ಎಂಬುದು ವಿಚಿತ್ರವಾದರೂ ಸತ್ಯ.

ಇನ್ನು ನಮ್ಮ ಭಾಗದಲ್ಲಿ ಕನ್ಸೋಲಿನ ಬಾಳಿಕೆ. ಪ್ಲೇಸ್ಟೇಷನ್ 5ರ ಕೈಪಿಡಿಯಲ್ಲಿ ಅದು ಕೆಲಸ ಮಾಡಬೇಕಾದ ಉಷ್ಣಾಂಶ 5ರಿಂದ 35 ಡಿಗ್ರಿ ಎಂದಿದೆ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿ 35 ದಾಟುವುದು ಮಾಮೂಲು, ಗದಗಿನಲ್ಲಿ ಇನ್ನೂ ಹೆಚ್ಚು. ಟಿವಿ ಶೋಕೇಸಿನ ಗಾಜಿನ ಬಾಗಿಲ ಹಿಂದೆ ಇಟ್ಟರೆ ಅದಕ್ಕೂ ಮೇಲೆ. ಬಿಸಿಯಾದ ಚಿಪ್ಪು ಮೊದಲು ಫ್ಯಾನನ್ನು ಜೋರು ಮಾಡುತ್ತದೆ, ಆಮೇಲೆ ತಾನಾಗಿ ಬಂದ್ ಆಗುತ್ತದೆ. ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಯ ಧೂಳು ಕುಡಿದ ಊರಿಗೆ ಇನ್ನೊಂದು ವಿಷಯ ತಿಳಿದಿರುವುದು ಒಳ್ಳೆಯದು. ಪ್ಲೇಸ್ಟೇಷನ್ 5ರ ಬಿಳಿಯ ಪಕ್ಕದ ಹಲಗೆಯನ್ನು ಸ್ಕ್ರೂ ಬಿಚ್ಚದೆಯೇ ಕೈಯಿಂದ ಎಳೆದು ತೆಗೆಯಬಹುದು. ಒಳಗೆ ಫ್ಯಾನಿನ ಪಕ್ಕ ಧೂಳು ಬಂದು ಕೂರಲೆಂದೇ ಮಾಡಿದ ಗೂಡುಗಳಿವೆ, ವ್ಯಾಕ್ಯೂಮ್ ಹಿಡಿದರೆ ಸ್ವಚ್ಛವಾಗುತ್ತವೆ. ಅದರಾಚೆಗೆ ಕೈ ಹಾಕಬಾರದು, ಏಕೆಂದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಇರುವುದು ಸಾಮಾನ್ಯ ಪೇಸ್ಟ್ ಅಲ್ಲ, ವಿದ್ಯುತ್ ಹರಿಸುವ ದ್ರವ ಲೋಹ. ಅದು ಬೋರ್ಡಿನ ಮೇಲೆ ಚೆಲ್ಲಿದರೆ ಶಾರ್ಟ್ ಆಗುತ್ತದೆ, ಮೊಬೈಲ್ ರಿಪೇರಿಯ ಅನುಭವ ಅಲ್ಲಿ ಸಾಲದು.

ಆದರೆ ಇಲ್ಲಿನ ಕೊಳ್ಳುವವರಿಗೆ ನಾನು ಎಲ್ಲಕ್ಕಿಂತ ಮೇಲೆ ಇಡುವ ಭಾಗ ಡಿಸ್ಕ್ ಡ್ರೈವ್. ಹೊಸ ದೊಡ್ಡ ಆಟದ ಡಿಸ್ಕ್ ಐದು ಸಾವಿರದ ಆಸುಪಾಸು. ಆಡಿ ಮುಗಿಸಿದವನು ಅದನ್ನು ಅಂಗಡಿಗೆ ತರುತ್ತಾನೆ. ಅಂಗಡಿಯವನು ಡಬ್ಬಿ ತೆರೆದು, ಡಿಸ್ಕಿನ ಹಿಂಬದಿಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಗೆರೆ ಎಣಿಸುತ್ತಾನೆ, "ಇದಕ ಎಷ್ಟ ಹಿಡೀತೀರಿ ಅಣ್ಣಾ" ಎಂಬ ಪ್ರಶ್ನೆಗೆ ಒಂದು ಮೊತ್ತ ಹೇಳುತ್ತಾನೆ, ಚೌಕಾಸಿಯ ನಂತರ ಮೇಲೊಂದಿಷ್ಟು ಹಣ ಸೇರಿಸಿ ಬೇರೊಂದು ಡಿಸ್ಕ್ ಕೈ ಬದಲಾಗುತ್ತದೆ. ಒಂದೇ ಡಿಸ್ಕ್ ಹೀಗೆ ನಾಲ್ಕಾರು ಮನೆ ತಿರುಗುತ್ತದೆ. ಡೌನ್‌ಲೋಡ್ ಮಾಡಿದ ಆಟಕ್ಕೆ ಈ ಬಾಳು ಇಲ್ಲ. ಅದರ ಮೇಲೆ 100 ಜಿಬಿಯ ಆಟವನ್ನು 40 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಲು, ನಡುವೆ ತಡೆ ಬಾರದಿದ್ದರೂ, ಐದೂವರೆ ಗಂಟೆ ಬೇಕು.

ಪ್ಲೇಸ್ಟೇಷನ್ 5 ಪ್ರೊನಲ್ಲಿ ಡ್ರೈವ್ ಇಲ್ಲ, ಬೇಕಾದವರು ಬೇರೆ ಕೊಂಡು ಸಿಕ್ಕಿಸಬೇಕು, ಮತ್ತು ಸಿಕ್ಕಿಸಿದಾಗ ಒಮ್ಮೆ ಇಂಟರ್ನೆಟ್ ಮೂಲಕ ನೋಂದಾಯಿಸಬೇಕು. ಸೀರೀಸ್ ಎಸ್‌ನಲ್ಲಿ ಸೇರಿಸುವ ಅವಕಾಶವೇ ಇಲ್ಲ, ಸ್ಟೀಮ್ ಮಷೀನಿನಲ್ಲಿ ಡಿಸ್ಕ್ ಎಂಬ ಮಾತೇ ಇಲ್ಲ. ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟ ಇರುವುದಿಲ್ಲ, ಬೀಗದ ಕೈ ಮಾತ್ರ ಇರುತ್ತದೆ. ಆಟವನ್ನು ಡೌನ್‌ಲೋಡ್ ಮಾಡಲೇಬೇಕು, ಆದರೆ ಕಾರ್ಡನ್ನು ಮಾರಬಹುದು. ಯಂತ್ರದ ಬೆಲೆ ತಗ್ಗಿಸುವ ಒತ್ತಡ ಹೆಚ್ಚಿದಂತೆ ಮೊದಲು ಕೈಬಿಡುವ ಭಾಗ ಡ್ರೈವೇ ಆಗಿರುವುದರಿಂದ, ಮುಂದಿನ ಪ್ಲೇಸ್ಟೇಷನ್‌ನಲ್ಲೂ ಅದು ಬೇರೆಯಾಗಿ ಕೊಳ್ಳುವ ವಸ್ತುವಾಗಿ ಬರುವ ಸಾಧ್ಯತೆಯನ್ನು ನಾನು ಹೆಚ್ಚು ಎಂದು ಎಣಿಸುತ್ತೇನೆ.

ಕಾಲೇಜುಗಳ ಸುತ್ತ ಗೇಮ್ ಪಾರ್ಲರ್ ನಡೆಸುವವರಿಗೆ ಈ ಲೆಕ್ಕ ಇನ್ನೂ ಖಾರ. ಗಂಟೆಗೆ ನೂರು ರೂಪಾಯಿ ಎಂದುಕೊಂಡರೆ 55 ಸಾವಿರದ ಕನ್ಸೋಲ್ ತನ್ನ ಬೆಲೆ ದುಡಿಯಲು 550 ಗಂಟೆ ಬೇಕು, ಬೆಲೆ 10 ಸಾವಿರ ಏರಿದಾಗಲೆಲ್ಲ ಇನ್ನೂ ನೂರು ಗಂಟೆ; ಕರೆಂಟ್, ಬಾಡಿಗೆ, ಸ್ಟಿಕ್ ಹಾಳಾದ ಕಂಟ್ರೋಲರ್ ಬೇರೆ. ಅಲ್ಲಿ ಆಡುವುದು ಫುಟ್‌ಬಾಲ್, ಕುಸ್ತಿ, ಹೊಡೆದಾಟದ ಆಟಗಳು. ಇಬ್ಬರು ಪಕ್ಕಪಕ್ಕ ಕುಳಿತು ಆಡುವ ಇವಕ್ಕೆ ಬೆಳಕಿನ ಕಿರಣದ ನಿಖರ ಲೆಕ್ಕ ಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಕನ್ಸೋಲಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಸಲು ತೀರ್ಮಾನವಾಯಿತು. 32 ಇಂಚಿಗಿಂತ ದೊಡ್ಡ ಟಿವಿಗಳಿಗೆ ಅದೇ ಇಳಿಕೆ 2025ರ ಸೆಪ್ಟೆಂಬರ್ 22ರಿಂದ ಸಿಕ್ಕಿದೆ. ಹೊಸ ಕನ್ಸೋಲಿಗೆಂದು ಹಣ ಕೂಡಿಡುವ ಬದಲು ಟಿವಿ ಬದಲಿಸಿ, ಇರುವ ಡಿಸ್ಕ್ ಮಾದರಿಗೇ ಇನ್ನೊಂದು ಜೊತೆ ಕಂಟ್ರೋಲರ್ ತಂದ ಪಾರ್ಲರ್ ಮಾಲೀಕನ ಲೆಕ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಮನೆಗೆ ಕೊಳ್ಳುವವರ ವಿಷಯದಲ್ಲಿ ಕಾಲಾವಧಿಯನ್ನೂ ನೋಡಬೇಕು. ಪ್ಲೇಸ್ಟೇಷನ್ 4ರಿಂದ 5ಕ್ಕೆ ಏಳು ವರ್ಷ ಹಿಡಿದಿತ್ತು. ಅಮೆರಿಕದ ನ್ಯಾಯಾಲಯದ ಪ್ರಕರಣವೊಂದರ ಮೂಲಕ 2023ರಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್‌ನ ಒಳ ಕಡತಗಳಲ್ಲಿ ಮುಂದಿನ ಪೀಳಿಗೆಗೆ 2028ರ ಗುರಿ ಇತ್ತು. ಪ್ಲೇಸ್ಟೇಷನ್ 5 ಬಂದ ಮೇಲೂ ಪ್ಲೇಸ್ಟೇಷನ್ 4ಕ್ಕೆ ವರ್ಷಗಟ್ಟಲೆ ಹೊಸ ಆಟಗಳು ಬಂದದ್ದನ್ನು ನೋಡಿದರೆ, ಈಗಿನ ಯಂತ್ರಗಳಿಗೆ ಈ ದಶಕದ ಕೊನೆಯವರೆಗೂ ಕೆಲಸವಿದೆ. ಕೊಳ್ಳುವ ಮನಸ್ಸಿದ್ದು, ಬೆಲೆ ಇಳಿಯಲಿ ಎಂಬ ಒಂದೇ ಕಾರಣಕ್ಕೆ ಕಾಯುತ್ತಿರುವವರು ಮುಂದಿನ ದೀಪಾವಳಿ ರಿಯಾಯಿತಿಯಲ್ಲಿ ಡಿಸ್ಕ್ ಇರುವ ಮಾದರಿಯನ್ನು, ಭಾರತದ ವಾರಂಟಿ ಚೀಟಿ ಮತ್ತು ಜಿಎಸ್‌ಟಿ ಬಿಲ್ ಸಮೇತ, ತೆಗೆದುಕೊಳ್ಳಬಹುದು. ಕೈಯಲ್ಲಿ ಪ್ಲೇಸ್ಟೇಷನ್ 5 ಇರುವವರು ಪ್ರೊಗಾಗಲಿ ಸ್ಟೀಮ್ ಮಷೀನಿಗಾಗಲಿ ಈಗ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಅವರು ಎಸ್‌ಎಸ್‌ಡಿ ಹೆಚ್ಚಿಸಿಕೊಳ್ಳಬೇಕೆಂದಿದ್ದರೆ ಮಾತ್ರ ಆ ಕೆಲಸವನ್ನು ಮುಂದೂಡಬಾರದು, ಏಕೆಂದರೆ ಮೆಮೊರಿಯ ಜೊತೆ ಸ್ಟೋರೇಜ್ ಚಿಪ್ಪುಗಳಿಗೂ ಅದೇ ಕೊರತೆ ತಟ್ಟಿದೆ.